ಬಾಗಿಲು ಹೊತ್ತು ಬಂದ ಬಸವಣ್ಣ

ಬೆಳಗಿನ ಹೊತ್ತು ಅಡುಗೆಮನೆಯಲ್ಲಿ ದೋಸೆ ಮಗುಚುತ್ತಿದ್ದೆ. ಹಾಲ್‌ನಿಂದ ಸೀರೆ ಹರಿದಂತೆ ಸದ್ದು ಬಂತು, ಅದರ ಹಿಂದೆಯೇ ಗಾಜು ಒಡೆಯಿತು. ಓಡಿ ಬಂದು ನೋಡಿದರೆ ಬಾಗಿಲಿನ ಜಾಗದಲ್ಲಿ ಬಾಗಿಲಿಲ್ಲ. ಅದು ಒಂದು ಗೂಳಿಯ ತಲೆಯ ಮೇಲಿತ್ತು. ಎದೆಯೆತ್ತರದ ಬಿಳಿ ಗೂಳಿ, ಎರಡೂ ಕೊಂಬಿಗೆ ಸೊಳ್ಳೆಯ ಜಾಲರಿ ಸುತ್ತಿಕೊಂಡು, ಕುತ್ತಿಗೆಗೆ ಅಲ್ಯೂಮಿನಿಯಂ ಚೌಕಟ್ಟು ಸಿಕ್ಕಿಸಿಕೊಂಡು ನಮ್ಮ ಟಿ.ವಿ. ಮುಂದೆ ಗಿರಗಿರ ತಿರುಗುತ್ತಿತ್ತು. ಅದರ ಕಾಲುಗಳ ಹತ್ತಿರವೇ, ಚಾಪೆಯ ಮೇಲೆ, ಆರು ವರ್ಷದ ನನ್ನ ಮಗಳು ಪ್ರಾಪ್ತಿ ಆಗಷ್ಟೇ ಎದ್ದು ಕುಳಿತಿದ್ದಳು.

ನಮ್ಮೂರು ಮೂಲ್ಕಿಯ ಕಡೆಯ ನನ್ನ ಗೆಳತಿಯರಲ್ಲಿ ಮನೆ ಕಟ್ಟಿಸುತ್ತಿರುವವರು ಫೋನು ಮಾಡಿದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಪಕ್ಕಕ್ಕೆ ತಳ್ಳಿದರೆ ಬೀಸಣಿಗೆಯಂತೆ ಮಡಚಿಕೊಂಡು ಚೌಕಟ್ಟಿನೊಳಗೆ ಅಡಗುತ್ತದಲ್ಲ, ಆ ಜಾಲರಿ ಬಾಗಿಲು ಹಾಕಿಸಬಹುದಾ? ದಾವಣಗೆರೆಯಲ್ಲಿ ನೀನು ಹಾಕಿಸಿದ್ದೀಯಂತಲ್ಲ, ಹೇಗುಂಟು? ಹಾಕಿಸಿ, ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದಕ್ಕೆ ನನ್ನಿಂದ ಆಗುವುದಿಲ್ಲ. ನಮ್ಮ ಬಾಗಿಲು ರಕ್ತ ಕಂಡಿದೆ. ಆದ್ದರಿಂದ ಮೊದಲಿನಿಂದಲೇ ಬರೆಯುತ್ತಿದ್ದೇನೆ.

ನನ್ನ ಗಂಡ ಸುಧಾಕರರಿಗೆ ಹರಿಹರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾವು ಈ ಕಡೆ ಬಂದೆವು. ಮೊದಲು ಇದ್ದದ್ದು ಹರಿಹರದಲ್ಲೇ, ಹೊಳೆಗೆ ಹತ್ತಿರ. ಇಲ್ಲಿ ನದಿಗೆ ಹೊಳೆ ಎನ್ನುತ್ತಾರೆ, ತುಂಗಭದ್ರೆಯಂಥ ತುಂಗಭದ್ರೆಗೂ ಹೊಳೆ ಎಂದೇ ಹೇಳುವುದು. ನೀರು ಕಂಡರೆ ನಮ್ಮ ಕಡೆಯವರಿಗೆ ಜೀವ ಬಂದಂತೆ, ನಾನೂ ಕುಣಿದಾಡಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಪ್ರಾಪ್ತಿಗೆ ಡೆಂಗಿ ಬಂತು. ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ದಿನಾ ಪರರ ಮಕ್ಕಳ ಪ್ಲೇಟ್‌ಲೆಟ್ ಎಣಿಸುವವಳು. ನನ್ನ ಮಗಳ ವರದಿ ಯಂತ್ರದಿಂದ ಹೊರಬಂದಾಗ ಆ ಸಂಖ್ಯೆಯನ್ನು ಮೂರು ಸಲ ಓದಿದೆ. ಮಗು ಉಳಿಯಿತು. ಮನೆಗೆ ಕಳಿಸುವಾಗ ವೈದ್ಯರು, ಇನ್ನೊಮ್ಮೆ ಬರದಂತೆ ನೋಡಿಕೊಳ್ಳಿ, ಬೇರೆ ತಳಿಯ ಡೆಂಗಿ ಬಂದರೆ ಎರಡನೆಯದು ಮೊದಲಿನದಕ್ಕಿಂತ ಅಪಾಯ ಎಂದರು. ಆ ಮಾತು ಎದೆಯಲ್ಲಿ ಮುಳ್ಳು ಮುರಿದಂತೆ ನಿಂತುಬಿಟ್ಟಿತು. ಅಂದಿನಿಂದ ಸೊಳ್ಳೆ ಕಂಡರೆ ನಾನು ಹೊಡೆದು ಸುಮ್ಮನಾಗುವುದಿಲ್ಲ, ಸತ್ತ ಮೇಲೂ ಇನ್ನೆರಡು ಏಟು ಹಾಕುತ್ತೇನೆ.

ಪಿ.ಜೆ. ಬಡಾವಣೆಯ ಲ್ಯಾಬೊಂದರಲ್ಲಿ ನನಗೆ ಕೆಲಸ ಸಿಕ್ಕಿದ್ದೇ ನೆಪವಾಗಿ ದಾವಣಗೆರೆಗೆ ಬಂದೆವು. ಮನೆ ಹುಡುಕುವಾಗ ನಮ್ಮ ಹೆಸರು ಕೇಳುವುದಕ್ಕಿಂತ ಮೊದಲು, "ಮೀನು ಗೀನು ತಿಂತೀರೇನ್ರಿ?" ಎಂದು ಕೇಳುತ್ತಿದ್ದರು. ಹೂಂ ಎಂದ ಕಡೆಯೆಲ್ಲ ಮನೆ ಅದೇ ಕ್ಷಣದಲ್ಲಿ ಬೇರೆಯವರಿಗೆ ಕೊಟ್ಟಾಗಿರುತ್ತಿತ್ತು. ಕೊನೆಗೆ ಶಾಮನೂರಿನ ಹಳೆಯ ಕೇರಿಯಲ್ಲಿ ಮಹೇಶಪ್ಪ ಎಂಬ ಯಜಮಾನರು ಒಪ್ಪಿದರು. "ಹೊರಗೆ ತಿಂದು ಬರ್ರಿ, ಅದು ನಿಮ್ಮ ಹೊಟ್ಟಿ. ಒಲಿ ನಮ್ದು, ಅದರ ಮ್ಯಾಲೆ ಬ್ಯಾಡ." ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು ನಿಮಗೆಲ್ಲ ಗೊತ್ತಿದೆ. ಒಲೆಯನ್ನು ನೀವೇ ಇಟ್ಟುಕೊಳ್ಳಿ ಎಂದು ಬಾಯಿಗೆ ಬಂದಿತ್ತು. ಸುಧಾಕರರು ಕಾಲು ತುಳಿದರು. ಅಂದಿನಿಂದ ನಮ್ಮ ಮನೆಯಲ್ಲಿ ಬಂಗುಡೆಯ ವಾಸನೆ ಇಲ್ಲ, ಅದರ ಕನಸು ಮಾತ್ರ ಉಂಟು.

ಊಟಕ್ಕಿಂತ ಹೆಚ್ಚು ಕಷ್ಟವಾದದ್ದು ಬಾಗಿಲು. ನಮ್ಮೂರಿನಲ್ಲಿ ಮನೆಯೆಂದರೆ ಸುತ್ತ ಕೆಂಪುಕಲ್ಲಿನ ಗೋಡೆ, ಅದಕ್ಕೊಂದು ಗೇಟು. ಬಂದವರು ಗೇಟಿನಲ್ಲೇ ನಿಂತು ಕೂಗುತ್ತಾರೆ. ನಾವು ಯಾರೆಂದು ಇಣುಕಿ, ತಲೆ ಸರಿಮಾಡಿಕೊಂಡು, ಮನಸ್ಸಿದ್ದರೆ ಬಾಗಿಲು ತೆಗೆಯುತ್ತೇವೆ. ಇಲ್ಲಿ ಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ರಸ್ತೆಯಿಂದ ಒಂದು ಮೆಟ್ಟಿಲು ಹತ್ತಿದರೆ ಹೊಸ್ತಿಲು, ಹೊಸ್ತಿಲು ದಾಟಿದರೆ ಹಾಲ್. ಬೆಳಗಾದೊಡನೆ ತೆರೆದ ಬಾಗಿಲು ಮಲಗುವವರೆಗೆ ತೆರೆದೇ ಇರುತ್ತದೆ. ನಾನು ಬಂದ ಮೊದಲ ವಾರ ಹಗಲಿನಲ್ಲಿ ಕದ ಹಾಕಿಕೊಂಡಿದ್ದೆ. ಪಕ್ಕದ ಮನೆಯ ಗೌರಕ್ಕ ಬಂದು ದಬದಬ ಬಡಿದರು. ಗೌರಕ್ಕ ಕಡರನಾಯಕನಹಳ್ಳಿಯ ಮಗಳು, ಮದುವೆಯಾಗಿ ಈ ಕೇರಿಗೆ ಬಂದು ಈಗ ಮೊಮ್ಮಕ್ಕಳನ್ನು ಕಂಡವರು.

"ಹಗಲೊತ್ನಾಗೆ ಬಾಗ್ಲ ಹಾಕ್ಕಂಡು ಕುಂತೀಯಲ್ಲ ತಂಗಿ, ಏನಾಗೈತೆ? ಯಾರಾದ್ರೂ ಹೋದ್ರೇನು?" ಎಂದು ಗಾಬರಿಯಲ್ಲಿ ಕೇಳಿದರು.

ಯಾರೂ ಹೋಗಿಲ್ಲ, ಸೊಳ್ಳೆ ಬರಬಾರದೆಂದು ಹಾಕಿದ್ದೇನೆ ಎಂದೆ. ಅವರಿಗೆ ನಗು ತಡೆಯಲಿಲ್ಲ. ಹಗಲಲ್ಲಿ ಎಂಥ ಸೊಳ್ಳೆ ಎಂದರು. ಆದರೆ ಡೆಂಗಿಯ ಸೊಳ್ಳೆ ಕಚ್ಚುವುದೇ ಹಗಲಿನಲ್ಲಿ, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ. ಕೇರಿಯ ಬಾಗಿಲುಗಳೆಲ್ಲ ಹಾರುಹೊಡೆದಿರುವುದೂ ಆಗಲೇ. ನಲ್ಲಿಯಲ್ಲಿ ದಿನಾ ನೀರು ಬರುವುದಿಲ್ಲವೆಂದು ಪ್ರತಿ ಮನೆಯ ಮುಂದೆ ತುಂಬಿಟ್ಟ ಡ್ರಮ್ಮುಗಳಿದ್ದವು, ಆ ಸೊಳ್ಳೆಗೆ ತವರುಮನೆ. ಕದ ಮುಚ್ಚಿದರೆ ಕೇರಿಗೆ ಬೇಜಾರು, ಸೆಕೆಗೆ ನಮ್ಮ ಜೀವವೂ ಹೋಗುತ್ತದೆ. ತೆರೆದರೆ ಮಗಳು. ಹೀಗೆ ಮಡಚುವ ಜಾಲರಿ ಬಾಗಿಲು ಬಂತು. ಹಾಕಿದಾಗ ಎಷ್ಟು ತೆಳುವೆಂದರೆ ಬಾಗಿಲು ಇಲ್ಲವೆಂದೇ ಅನಿಸಬೇಕು. ಗಾಳಿ ಬರುತ್ತಿತ್ತು, ಕೇರಿಯ ಮಾತು ಕೇಳುತ್ತಿತ್ತು, ಸೊಳ್ಳೆ ಹೊರಗೇ ಉಳಿಯಿತು. ಈ ಊರಿನಲ್ಲಿ ನಾನು ಗೆದ್ದ ಮೊದಲ ಯುದ್ಧ ಅದು ಎಂದು ಬೀಗಿದೆ.

ಮರುದಿನವೇ ಗೌರಕ್ಕ ಪಲ್ಯದ ಬಟ್ಟಲು ಹಿಡಿದು ನೇರ ನಡೆದು ಬಂದು ಜಾಲರಿಗೆ ಮುಖ ಗುದ್ದಿಕೊಂಡರು. ಪಲ್ಯ ನೆಲಕ್ಕೆ ಬಿತ್ತು.

"ಮೀನು ತಿನ್ನೋ ಊರಿನೋಳು ಅನ್ನೋದು ಸುಳ್ಳಲ್ಲ ನೋಡು. ಬಾಗ್ಲಿಗೇ ಬಲೆ ಕಟ್ಟೀಯ! ನನ್ನ ಹಿಡ್ದು ಸಾರು ಮಾಡ್ತೀಯೇನು?"

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅಂದೇ ಆ ಜಾಲರಿಗೆ ಕಣ್ಣಿಗೆ ಕಾಣುವಂಥ ಏನನ್ನಾದರೂ ಅಂಟಿಸಬೇಕಿತ್ತು. ಬಾಗಿಲಿನ ಅಂದ ಕೆಡುತ್ತದೆಂದು ನಾನು ಅಂಟಿಸಲಿಲ್ಲ.

ಇನ್ನು ಬಸವಣ್ಣ. ಊರ ಗುಡಿಗೆ ಬಿಟ್ಟ ಗೂಳಿಯನ್ನು ಇಲ್ಲಿ ಬಸವಣ್ಣ ಎನ್ನುತ್ತಾರೆ. ಅವನಿಗೆ ಹಗ್ಗವಿಲ್ಲ, ಒಡೆಯನಿಲ್ಲ. ಬೆಳಿಗ್ಗೆ ಕೇರಿಯ ಮೊದಲ ಮನೆಯಿಂದ ಹೊರಟು ಒಂದೊಂದೇ ಹೊಸ್ತಿಲ ಮುಂದೆ ನಿಂತು ತಲೆ ಒಳಗೆ ಚಾಚುತ್ತಾನೆ. ಹೆಂಚಿನ ಮೇಲಿನ ಮೊದಲ ರೊಟ್ಟಿ ಅವನದು. ಕೊಂಬಿನ ತುದಿಗೆ ಟೊಪ್ಪಿಯಂತೆ ಹಿತ್ತಾಳೆಯ ಅಣಸು, ಕೊರಳಿಗೆ ಗಂಟೆ. ಅವನ ಮೇಲೆ ಕೈಯೆತ್ತಿದವರನ್ನು ಈ ಕೇರಿ ನೋಡಿಲ್ಲ. ನಮ್ಮ ಕಡೆ ಗೇಟಿಗೆ ದನ ಬಂದರೆ ಕೋಲು ಹಿಡಿದು ಅಟ್ಟುತ್ತೇವೆ, ಇಲ್ಲಿ ಅವನು ಒಂದು ಮನೆ ಬಿಟ್ಟು ಮುಂದೆ ಹೋದರೆ ಆ ಮನೆಗೆ ಏನೋ ಕಾದಿದೆ ಎಂದು ಗುಸುಗುಸು ಶುರು. ಜಾಲರಿ ಬಂದ ಮೇಲೆ ಬಸವಣ್ಣ ನಮ್ಮ ಮನೆ ಬಿಟ್ಟು ಹೋಗತೊಡಗಿದ. ನನಗೆ ಅದು ಗಮನಕ್ಕೂ ಬಂದಿರಲಿಲ್ಲ. ಮತ್ತೆ ಕೆಲವು ದಿನಗಳಲ್ಲಿ ಅವನು ನಮ್ಮಲ್ಲೂ ನಿಲ್ಲುವುದು ಕಂಡಿತು. ಹೊಸ್ತಿಲ ಒಳಬದಿಯಲ್ಲಿ ರೊಟ್ಟಿಯ ಚೂರು ಬಿದ್ದಿರುತ್ತಿತ್ತು, ಪ್ರಾಪ್ತಿಯದೇ ಕೆಲಸವೆಂದು ಅವಳನ್ನು ಬೈದೆ.

ಆ ಬೆಳಿಗ್ಗೆ ಸುಧಾಕರರು ಹರಿಹರಕ್ಕೆ ಹೊರಟುಹೋಗಿದ್ದರು. ಬೇಸಿಗೆಯ ಸೆಕೆಗೆ ಪ್ರಾಪ್ತಿ ಹಾಲ್‌ನಲ್ಲಿ, ಜಾಲರಿಯ ಹತ್ತಿರವೇ ಮಲಗಿದ್ದಳು. ಬಸವಣ್ಣ ಮೂತಿ ತಳ್ಳಿದ. ಜಾಲರಿಯ ಮಡಿಕೆಗಳನ್ನು ಹಿಡಿದಿರುವ ದಾರಗಳು ಇರುತ್ತವಲ್ಲ, ಅವು ಕೊಂಬಿನ ಅಣಸಿಗೆ ಸಿಕ್ಕಿಕೊಂಡವು. ಅವನು ಹಿಂದೆ ಜಗ್ಗಿದಾಗ ಚೌಕಟ್ಟು ಮೊಳೆಸಮೇತ ಗೋಡೆಯಿಂದ ಕಿತ್ತುಬಂದು ಅವನ ಕುತ್ತಿಗೆಗೇ ಬಿತ್ತು. ಕಣ್ಣಿಗೆ ಜಾಲರಿ ಸುತ್ತಿತು. ಕಣ್ಣು ಕಾಣದ ಗೂಳಿ ಹಿಂದೆ ಹೋಗುವ ಬದಲು ಒಳಗೆ ನುಗ್ಗಿತು.

ಟಿ.ವಿ. ಒಡೆಯಿತು. ಕುರ್ಚಿ ಮುರಿಯಿತು. ಅವನು ತಲೆ ಕೊಡವಿದಂತೆಲ್ಲ ಚೌಕಟ್ಟು ಗೋಡೆಗೆ ಬಡಿದು ಗಾರೆ ಉದುರುತ್ತಿತ್ತು. ಪ್ರಾಪ್ತಿ "ಅಮ್ಮಾ" ಎಂದಳು. ಆಗಲೇ ಒಂದು ಗೊರಸು ಅವಳ ಎಡಗೈಯ ಮೇಲೆ ಬಿತ್ತು. ಆ ಕೂಗನ್ನು ನಾನು ಬರೆದು ತೋರಿಸಲಾರೆ. ಅಡುಗೆಮನೆಯ ಮೂಲೆಯಲ್ಲಿ ತೆಂಗಿನಕಾಯಿ ಸುಲಿಯುವ ಕಬ್ಬಿಣದ ಹಾರೆ ಇತ್ತು, ಅಮ್ಮ ಊರಿನಿಂದ ಕಳಿಸಿದ್ದು. ಅದನ್ನು ಎರಡೂ ಕೈಯಲ್ಲಿ ಹಿಡಿದು ಬೀಸಿದೆ. ಮೊದಲ ಏಟು ಬೆನ್ನಿಗೆ, ಎರಡನೆಯದು ಕುತ್ತಿಗೆಗೆ. ಮೂರನೆಯದು ಕೊಂಬಿನ ಬುಡಕ್ಕೆ ಬಿತ್ತು. ಲಟ್ ಎಂದಿತು. ಕೊಂಬಿನ ಮೇಲಿನ ಗಟ್ಟಿ ಕವಚ ಅಣಸಿನ ಸಮೇತ ಕಳಚಿ ನೆಲಕ್ಕೆ ಬಿತ್ತು, ಒಳಗಿನ ಕೆಂಪು ಮಾಂಸದಿಂದ ರಕ್ತ ಚಿಮ್ಮಿ ಗೋಡೆ, ನನ್ನ ಮುಖ, ದೋಸೆಯ ಹಿಟ್ಟು ಮೆತ್ತಿದ ನನ್ನ ನೈಟಿ ಎಲ್ಲ ಕೆಂಪಾಯಿತು. ಆ ಕಡೆಯ ಕೊಂಬು ಹೋದದ್ದರಿಂದಲೇ ಚೌಕಟ್ಟೂ ಜಾಲರಿಯೂ ಜಾರಿ ಬಿದ್ದವು. ಬಸವಣ್ಣ ಒಮ್ಮೆ ಗೂಳಿಟ್ಟು, ಹೊಸ್ತಿಲಲ್ಲಿ ಮುಗ್ಗರಿಸಿ ಬೀದಿಗೆ ಓಡಿದ. ನಾನು ಹಾರೆ ಬಿಡಲಿಲ್ಲ. ಅವನು ತಿರುಗಿ ಬಂದಿದ್ದರೆ ಕೊಲ್ಲುತ್ತಿದ್ದೆ, ಅದರಲ್ಲಿ ಎರಡು ಮಾತಿಲ್ಲ.

ಕೇರಿ ಬಂತು. ರಕ್ತ ಸುರಿಸುತ್ತ ಓಡುವ ಬಸವಣ್ಣನನ್ನು ಎಲ್ಲರೂ ಕಂಡಿದ್ದರು, ಒಳಗೆ ಕೈ ಹಿಡಿದು ಕಿರುಚುವ ಮಗುವನ್ನು ಯಾರೂ ಕಂಡಿರಲಿಲ್ಲ.

"ದೇವ್ರಿಗೆ ಹೊಡ್ದಾಳೆ! ಬಸವಣ್ಣನ ಕೊಂಬು ಮುರ್ದಾಳೆ!"

"ಎಲ್ಲಿಂದನೋ ಬಂದೋರ್ನ ಮನ್ಯಾಗೆ ಇಟ್ಕಂಡ್ರೆ ಹಿಂಗೇ ಆಗಾದು."

ಕಿಟಕಿಗೆ ಕಲ್ಲು ಬಿತ್ತು. ಎದುರು ಮನೆಯ ಹೆಂಗಸು, ಹಿಂದಿನ ದಿನ ತಾನೇ ನನ್ನಿಂದ ಸಕ್ಕರೆ ಒಯ್ದವಳು, ಜುಟ್ಟು ಹಿಡಿದು ನನ್ನ ಕೆನ್ನೆಗೆ ಬಾರಿಸಿದಳು. ನನ್ನ ಕೈಯೂ ಸುಮ್ಮನಿರುವಂಥದ್ದಲ್ಲ. ತಿರುಗಿಸಿ ಕೊಟ್ಟ ಏಟಿಗೆ ಅವಳ ಮೂಗಿನ ನತ್ತು ಹಾರಿತು. ಮಹೇಶಪ್ಪನವರು ಹೊಸ್ತಿಲಲ್ಲಿ ನಿಂತು ಗೋಡೆಯ ರಕ್ತ ನೋಡಿದರು.

"ಈ ಅಮಾಸಿ ಒಳಗೆ ಮನೆ ಖಾಲಿ ಮಾಡ್ರಿ. ನಂಗೆ ಬಾಡಿಗಿನೂ ಬ್ಯಾಡ, ಏನೂ ಬ್ಯಾಡ."

ಈ ಗದ್ದಲದ ನಡುವೆ ಗೌರಕ್ಕ ಯಾರನ್ನೋ ಮೊಣಕೈಯಿಂದ ತಿವಿದು ಒಳಗೆ ಬಂದರು, ಪ್ರಾಪ್ತಿಯನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡರು, ಆಟೋ ನಿಲ್ಲಿಸಿದರು. ನಾನು ಅವರ ಹಿಂದೆ ಓಡಿದೆ. ಪಿ.ಜೆ. ಬಡಾವಣೆಯ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವರು ಅಳುತ್ತಿದ್ದರು. ಅರ್ಧ ದಾರಿಯಲ್ಲಿ ಹೇಳಿದರು.

"ರೊಟ್ಟಿ ಇಟ್ಟೋಳು ನಾನೇ ತಂಗಿ. ನಿಮ್ಮನೆ ಬಿಟ್ಟು ಹೊಂಟಿದ್ದ ಆತ. ನಿಂಗೆ ಪದ್ಧತಿ ತಿಳೀದು, ಕೂಸಿರೋ ಮನೆ, ಕೆಟ್ಟದಾಗಬಾರ್ದು ಅಂತ ಜಾಲರಿ ಒಂಚೂರು ಸರ್ಸಿ ದಿನಾ ಒಳಗೆ ಇಡ್ತಿದ್ದೆ."

"ಹೊರಗೆ ಇಡಲಿಕ್ಕೆ ಏನಾಗಿತ್ತು ನಿಮಗೆ?"

"ಹೊಸ್ತಿಲ ಹೊರಗೆ ಇಟ್ರೆ ಅದು ಬೀದಿ ರೊಟ್ಟಿ ಆಕ್ಕತೆ ತಂಗಿ. ಮನೆ ರೊಟ್ಟಿ ಅಂದ್ರೆ ಒಳಗೇ ಇರ್ಬೇಕು. ದಿನಾ ಆತ ಬಂದು ತಿನ್ನಾತನಕ ನಿಂತು ಜಾಲರಿ ಹಿಡ್ಕಂತಿದ್ದೆ. ಇವತ್ತು ಒಲಿ ಮ್ಯಾಲೆ ಹಾಲು ಉಕ್ತು ಅಂತ ಒಳಗೆ ಹೋದೆ."

ಓಡುವ ಆಟೋದಿಂದ ಅವರನ್ನು ಕೆಳಗೆ ತಳ್ಳಬೇಕೆನಿಸಿತು. ಸುಮ್ಮನೆ ಹೇಳುವ ಮಾತಲ್ಲ, ನನ್ನ ಕೈ ಅವರ ಹೆಗಲ ಮೇಲೆ ಹೋಗಿತ್ತು. ಅವರ ತೊಡೆಯ ಮೇಲೆ ನನ್ನ ಮಗಳು ಇಲ್ಲದಿದ್ದರೆ ಏನಾಗುತ್ತಿತ್ತೋ. ನನ್ನ ಮಗಳಿಗೆ ಸೊಳ್ಳೆ ಕಚ್ಚಬಾರದೆಂದು ನಾನು ಮುಚ್ಚಿದ ಬಾಗಿಲನ್ನು, ಅದೇ ಮಗಳಿಗೆ ಕೆಟ್ಟದಾಗಬಾರದೆಂದು ಅವರು ಸರಿಸಿದ್ದರು. ನಿಮ್ಮ ಪದ್ಧತಿಗೆ ಬೆಂಕಿ ಬೀಳಲಿ ಎಂದು ಕೂಗಿದೆ. ಅವರು ಬಿಕ್ಕುತ್ತ ಹೂಂ ಎಂದರು.

ಪ್ರಾಪ್ತಿಯ ಎರಡು ಬೆರಳು ಮುರಿದಿದ್ದವು. ಪಟ್ಟಿ ಹಾಕಿಸಿಕೊಂಡು ಸಂಜೆ ಮನೆಗೆ ಬಂದಾಗ ಕೇರಿಯವರು ಗುಡಿಯ ಕಟ್ಟೆಯ ಮೇಲೆ ಸೇರಿದ್ದರು. ದನದ ಡಾಕ್ಟರು ಬಸವಣ್ಣನಿಗೆ ಮದ್ದು ಹಾಕಿ ಹೋಗಿದ್ದರು, ಜೀವಕ್ಕೆ ಭಯವಿಲ್ಲ, ಆ ಕೊಂಬು ಇನ್ನಿಲ್ಲ. ಸುಧಾಕರರು ಹರಿಹರದಿಂದ ಓಡಿ ಬಂದು ಕೈಮುಗಿದು ನಿಂತಿದ್ದರು. ಅವರ ಕೈಮುಗಿದ ಭಂಗಿ ಕಂಡು ನನಗೆ ಇನ್ನಷ್ಟು ರೇಗಿತು. ಸತ್ಯ ಹೇಳಿಬಿಡುತ್ತೇನೆ, ಗೌರಕ್ಕನ ರೊಟ್ಟಿಯೇ ಕಾರಣ ಎನ್ನುತ್ತೇನೆ, ಅವರವರೇ ಬಡಿದಾಡಿಕೊಳ್ಳಲಿ ಎಂದುಕೊಂಡು ಹೋದೆ. ನಾನು ಬಾಯಿ ತೆರೆಯುವ ಮೊದಲೇ ಗೌರಕ್ಕ ಕಟ್ಟೆಯ ಮುಂದೆ ಹೋಗಿ ನಿಂತರು.

"ರೊಟ್ಟಿ ಇಟ್ಟೋಳು ನಾನು. ಬಸವಣ್ಣ ಒಳಗೆ ಹೋಗಿದ್ದು ನನ್ನಿಂದ. ಹೊಡಿಯಾದಿದ್ರೆ ನಂಗೆ ಹೊಡೀರಿ."

ಯಾರೋ ಏನೋ ಅಂದರು. ಗೌರಕ್ಕ ಪ್ರಾಪ್ತಿಯ ಪಟ್ಟಿ ಕಟ್ಟಿದ ಕೈಯನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದರು.

"ಇದನ್ನ ಯಾರನಾ ನೋಡಿದ್ರಾ? ಕೂಸು ಸತ್ತಿದ್ರೆ ಯಾವ ಗುಡಿಗೆ ಹೋಗಿ ತೊಳ್ಕಂತಿದ್ರಿ? ಬಸವಣ್ಣನೇ ಕೇಳ್ತಿದ್ದ ನಿಮ್ನ."

ಮಹೇಶಪ್ಪನವರು ಕಟ್ಟೆಯಿಂದಲೇ ಬಾಗಿ ಆ ಪಟ್ಟಿಯನ್ನು ನೋಡಿದರು. ಕೊನೆಗೆ, "ಆತು, ಇರ್ರಿ. ಗ್ವಾಡಿಗೆ ಸುಣ್ಣ ನೀವೇ ಹೊಡಸ್ರಿ," ಎಂದು ಎದ್ದು ಹೋದರು. ಎದುರು ಮನೆಯವಳು ಮಾತ್ರ ಇಂದಿಗೂ ನನ್ನ ಜೊತೆ ಮಾತಾಡುವುದಿಲ್ಲ, ನಾನೂ ಆಡುವುದಿಲ್ಲ.

ಊರಿನಿಂದ ಅಮ್ಮ ಫೋನಿನಲ್ಲಿ ಅತ್ತು ಕರೆದು, ಆ ರಾಕ್ಷಸರ ಊರು ಸಾಕು, ಬಂದುಬಿಡಿ ಎಂದರು. ಹೋಗಬಹುದಿತ್ತು. ಆದರೆ ಗೌರಕ್ಕ ಕಟ್ಟೆಯ ಮುಂದೆ ನನ್ನ ಮಗಳ ಕೈ ಹಿಡಿದು ನಿಂತಂತೆ ನಮ್ಮೂರಿನ ಪಕ್ಕದ ಮನೆಯವರು ನಿಲ್ಲುತ್ತಿದ್ದರೇ ಎಂದು ಯೋಚಿಸಿದೆ. ಅವರು ಕಲ್ಲು ಎಸೆಯುತ್ತಿರಲಿಲ್ಲ, ಅದು ಖಂಡಿತ. ಗೇಟು ದಾಟಿ ಒಳಗೂ ಬರುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆ ಬಾಗಿಲನ್ನು ನಾನು ಮತ್ತೆ ಹಾಕಿಸಿದೆ. ಸಣ್ಣ ಮಕ್ಕಳಿದ್ದರೆ, ಗಾಳಿಯೂ ಬೇಕು ಸೊಳ್ಳೆಯೂ ಬೇಡ ಎಂದರೆ ಹಾಕಿಸಿ. ಮಡಚಿದಾಗ ಕಾಣುವುದೇ ಇಲ್ಲ, ಮನೆಯ ಬಾಗಿಲು ಮೊದಲಿದ್ದ ಹಾಗೇ ಇರುತ್ತದೆ. ಆದರೆ ಕೆಳಗಿನ ಹಳಿಯಲ್ಲಿ ಧೂಳು ತುಂಬುತ್ತದೆ, ದಾವಣಗೆರೆಯ ಧೂಳಂತೂ ದಿನಾ ಬ್ರಷ್ ಹಿಡಿದು ಕೂರಿಸುತ್ತದೆ, ನಮ್ಮೂರಿನಲ್ಲಿ ಉಪ್ಪುಗಾಳಿ ಏನು ಮಾಡುತ್ತದೋ ನಾನರಿಯೆ. ವಯಸ್ಸಾದವರು ಹಳಿಗೆ ಎಡವುತ್ತಾರೆ. ದಾರ ಒಂದು ಕಡಿದರೆ ಇಡೀ ಬಾಗಿಲು ಸೊಟ್ಟಗಾಗುತ್ತದೆ. ಮನೆಯಲ್ಲಿ ನಾಯಿಯಿದ್ದರೆ, ಬೀದಿಯಲ್ಲಿ ದನವಿದ್ದರೆ ಬೇಡ, ಮರದ ಚೌಕಟ್ಟಿಗೆ ಗಟ್ಟಿ ಬಲೆ ಹೊಡೆಸಿದ ಮಾಮೂಲಿ ಬಾಗಿಲೇ ಸಾಕು. ಹಾಕಿಸಿಯೇ ತೀರುತ್ತೇನೆ ಎಂದರೆ ಕಣ್ಣೆತ್ತರಕ್ಕೆ ಬಣ್ಣದ ಪಟ್ಟಿ ಅಂಟಿಸಿ. ನಮ್ಮದಕ್ಕೆ ಗೌರಕ್ಕ ತಮ್ಮ ಹಳೆಯ ಸೀರೆಯ ಕೆಂಪು ಅಂಚು ಹೊಲಿದಿದ್ದಾರೆ. ಬಸವಣ್ಣ ಬರುವ ಹೊತ್ತಿಗೆ ನಾನು ಹೊರಗೆ ಬಂದು, ಜಾಲರಿ ಎಳೆದು, ರೊಟ್ಟಿಯನ್ನು ಕೈಯಿಂದಲೇ ಕೊಡುತ್ತೇನೆ. ಮೊದಮೊದಲು ನನ್ನನ್ನು ಕಂಡರೆ ಅವನು ಆಚೆ ಬದಿಗೆ ಹೋಗುತ್ತಿದ್ದ. ನಾನೂ ದೂರದಿಂದಲೇ ಕೈ ಚಾಚುತ್ತಿದ್ದೆ.

ಕಳೆದ ತಿಂಗಳು ಮಹೇಶಪ್ಪನವರ ಮೇಲಿನ ಮನೆ ನೋಡಲು ಒಂದು ಕಾರು ಬಂತು. ನಾನು ಪಾತ್ರೆ ತೊಳೆಯುತ್ತಿದ್ದೆ. ಗಂಟೆಯ ಸದ್ದು, ಆಮೇಲೆ ಬಸವಣ್ಣ ಗೂಳಿಟ್ಟದ್ದು ಕೇಳಿತು. ಹೊರಗೆ ಬಂದರೆ ಒಬ್ಬ ಗಂಡಸು ಕಾರಿನ ಚಕ್ರ ಬಿಚ್ಚುವ ಸಲಾಕೆ ಹಿಡಿದು ಬಸವಣ್ಣನ ಮೋಟು ಕೊಂಬಿನ ಮೇಲೇ ಹೊಡೆಯುತ್ತಿದ್ದ. ರಕ್ತ ಜಿನುಗುತ್ತಿತ್ತು. ಕಣ್ಣು ಕತ್ತಲಾಯಿತು. ಓಡಿಹೋಗಿ ಸಲಾಕೆ ಕಿತ್ತು ಮೋರಿಗೆ ಎಸೆದೆ. ಅವನ ಕಾಲರ್ ಹಿಡಿದು ಜಗ್ಗಿದ ರಭಸಕ್ಕೆ ಅಂಗಿ ಜೇಬಿನವರೆಗೆ ಹರಿಯಿತು.

"ನಮ್ ಬಸವಣ್ಣಗೆ ಹೊಡಿತೀಯೇನೋ? ಕೈ ಮುರ್ದು ಹಾಕ್ತೀನಿ ನೋಡು!" ಎಂದು ಕಿರುಚಿದೆ.

"ಮಂಡೆ ಸಮ ಉಂಟಾ ನಿಮಗೆ? ಒಳಗೆ ಮಗು ಉಂಟು!" ಎಂದ ಅವನು.

ಆಗ ನೋಡಿದೆ. ಬಾಗಿಲು ತೆರೆದಿದ್ದ ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬಳು ಹಸುಗೂಸನ್ನು ಎದೆಗವಚಿಕೊಂಡು ನಡುಗುತ್ತಿದ್ದಳು. ಬಸವಣ್ಣ ರೊಟ್ಟಿ ಹುಡುಕಿ ಆ ಬಾಗಿಲಿನೊಳಗೆ ತಲೆ ಹಾಕಿರಬೇಕು. ಕಾರಿನ ನಂಬರು ನಮ್ಮ ಕಡೆಯದು. ನನ್ನ ಕೈ ಅವನ ಹರಿದ ಅಂಗಿಯಿಂದ ತಾನಾಗಿ ಜಾರಿತು. ಅವನ ಜಾಗದಲ್ಲಿ ನಿಂತು ನಾನು ಮಾಡಿದ್ದೂ ಅದನ್ನೇ. ಅವನಿಗೆ ಅದನ್ನು ಹೇಳಬೇಕಿತ್ತು, ಅವನ ಹೆಂಡತಿಗೆ ಒಂದು ಲೋಟ ನೀರು ಕೊಟ್ಟು ಯಾವ ಊರು, ಯಾರ ಮನೆ ಎಂದು ಕೇಳಬೇಕಿತ್ತು. ಹೇಳಲಿಲ್ಲ, ಕೇಳಲಿಲ್ಲ. ಅವನು ಕಾರು ಹತ್ತಿ ಬಾಗಿಲು ದಬಾರನೆ ಹಾಕುತ್ತ ಹೆಂಡತಿಗೆ ತುಳುವಿನಲ್ಲಿ ಹೇಳಿದ: "ಪೋಯಿ, ಮುಲ್ಪ ಬೊಡ್ಚಿ. ಈ ಊರುದಕುಲು ಮಾತೆರ್ಲಾ ಇಂಚನೇ." ಹೋಗೋಣ, ಇಲ್ಲಿ ಬೇಡ, ಈ ಊರಿನವರೆಲ್ಲ ಹೀಗೆಯೇ.

ನನ್ನ ಅಮ್ಮನ ಭಾಷೆಯನ್ನು ಈ ಬೀದಿಯಲ್ಲಿ ನಮ್ಮ ಮನೆಯವರಲ್ಲದ ಒಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅಳು ಒತ್ತಿ ಬಂತು. ಗೌರಕ್ಕ ಸೆರಗಿನಿಂದ ಬಸವಣ್ಣನ ರಕ್ತ ಒರೆಸುತ್ತ ನನ್ನತ್ತ ನೋಡಿದರು.

"ಏನಂದ ಆತ ಹೋಗ್ತಾ? ನೀನು ನಿಮ್ಮವ್ವನ ಕೂಡ ಫೋನ್‌ನಾಗೆ ಮಾತಾಡ್ದಂಗೆ ಕೇಳಿಸ್ತು."

"ಇಲ್ಲ ಗೌರಕ್ಕ, ಅದು ಬ್ಯಾರೆ," ಎಂದೆ. "ನಂಗೂ ತಿಳೀಲಿಲ್ಲ."